ಎಳೆಯ ಪತ್ತೇದಾರನೂ ಸತ್ಯವೂ
(ಚಿಕ್ಕನರಗುಂದದಲ್ಲಿ ಮಾಡಿದ ಭಾಷಣ)



ಮಠದ ಉತ್ಸವದಲ್ಲಿ ಕಳ್ಳರ ಕಥೆಯೇಕೆಂದು ಹಿರಿಯರು ಕೇಳಬಹುದು, ಎಳೆಯರು ಕೇಳಲಾರರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು 'ಪತ್ತೇದಾರ ಪುರುಷೋತ್ತಮ'ನನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳನ್ನು ಬರೆದು, ಸಾಮಾನ್ಯ ಜನರಿಗೂ ಓದಿನ ರುಚಿ ಹತ್ತಿಸಿದರು. ಅವನ್ನು ಓದಿದ ಬಾಲಕರು ಕಳೆದ ಪಾಟಿಯನ್ನೋ ಲೇಖನಿಯನ್ನೋ ಹುಡುಕಲು ತಾವೇ ಪತ್ತೇದಾರರಾಗಿ ಹೊರಡುವುದುಂಟು. ಇದು ಬುದ್ಧಿಗೆ ಒಳ್ಳೆಯ ವ್ಯಾಯಾಮವೇ ಸರಿ. ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ.

ನಮ್ಮದು ಎರೆಯ ನೆಲ. ಮಳೆ ಬಿದ್ದ ಮರುದಿನ ಹೊಲದಲ್ಲಿ ಮೂಡಿದ ಹೆಜ್ಜೆ ಒಣಗಿದ ಮೇಲೂ ಅಳಿಯದು. ಆ ಹೆಜ್ಜೆ ಒಬ್ಬನು ಅಲ್ಲಿ ನಡೆದನೆಂಬುದನ್ನು ಹೇಳುತ್ತದೆ, ಕದ್ದನೆಂಬುದನ್ನು ಹೇಳುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ಮರೆತು ಕಟ್ಟೆಯ ಮೇಲೆ ಒಬ್ಬ ಬಡವನ ಹೆಸರನ್ನು ಆಡಿದರೆ, ಕಳೆದ ವಸ್ತು ಮರಳಿ ಸಿಕ್ಕರೂ ಅವನ ಮಾನ ಮರಳಿ ಬಾರದು. ಹುಡುಕುವವನೇ ಆಗ ಕಳ್ಳನಾಗುತ್ತಾನೆ.

ಕನ್ನಡದಲ್ಲಿ ಇದಕ್ಕೆ ಬಹು ಹಳೆಯ ನಿದರ್ಶನವೊಂದುಂಟು. ಸುಮಾರು 10ನೆಯ ಶತಮಾನದ 'ವಡ್ಡಾರಾಧನೆ' ಜೈನ ಪರಂಪರೆಯ ಗ್ರಂಥ, ಡಿ. ಎಲ್. ನರಸಿಂಹಾಚಾರ್ಯರು ಅದನ್ನು ಸಂಪಾದಿಸಿದ್ದು 1949ರಲ್ಲಿ ಪ್ರಕಟವಾಯಿತು. ಹಳೆಯ ಕನ್ನಡ ಗದ್ಯವೆಂದ ಮೇಲೆ ಅದು ನಮ್ಮೆಲ್ಲರ ಸೊತ್ತು. ಅದರ 19 ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ರಾಜಪುತ್ರನಾದ ವಿದ್ಯುಚ್ಚೋರನೂ ತಳಾರನ ಮಗನಾದ ಯಮದಂಡನೂ ಜೊತೆಗೂಡಿ ಕಲಿತವರು. ಒಬ್ಬನು ಚೋರಶಾಸ್ತ್ರವನ್ನು ಕಲಿತನು, ಇನ್ನೊಬ್ಬನು ಚೋರರನ್ನು ಹಿಡಿಯುವ ವಿದ್ಯೆಯನ್ನು. ನೀನು ಕಾಯುವ ಊರಿನಲ್ಲಿಯೇ ನಾನು ಕದಿಯುವೆನೆಂದು ಮೊದಲನೆಯವನ ಪಂತ. ತಳಾರನೆಂದರೆ ನಮ್ಮ ಊರುಗಳ ತಳವಾರನೇ. ಹೆಸರು ಸಾವಿರ ವರ್ಷವಾದರೂ ಉಳಿದುಬಂದಿದೆ.

ಮುಂದೆ ಯಮದಂಡನು ಮಿಥಿಳೆಯಲ್ಲಿ ತಳಾರನಾಗಿರಲು, ಅಲ್ಲಿಗೆ ಬಂದ ವಿದ್ಯುಚ್ಚೋರನು ಹಗಲು ಕುಷ್ಠರೋಗಿಯ ವೇಷದಲ್ಲಿ ಪಾಳುದೇಗುಲದಲ್ಲಿ ಬಿದ್ದಿರುತ್ತ, ಇರುಳು ಸುಂದರ ರೂಪದಿಂದ ಸಂಚರಿಸುತ್ತ, ಅರಸನ ಹಾರವನ್ನೇ ಕದ್ದನು. ಹಿಡಿದು ತಾರದಿದ್ದರೆ ತಳಾರನಿಗೇ ದಂಡನೆ. ಯಮದಂಡನು ಆ ರೋಗಿಯನ್ನೇ ಹಿಡಿದು ತಂದನು. ಎಂತಹ ಚುರುಕು ನೋಡಿರಿ! ಆದರೆ ಸಾಕ್ಷಿಯೆಲ್ಲಿ? ಹಿಡಿದವನು ಒಪ್ಪಲಿಲ್ಲ. ಬಗೆಬಗೆಯಾಗಿ ದಂಡಿಸಿದರೂ ಒಪ್ಪಲಿಲ್ಲ. ನೋಡಿದವರಿಗೆ ತಳಾರನೇ ಪಾಪಿಯಾಗಿ ತೋರಿದನು.

ಹಿಂಸೆಯಿಂದ ನಿಜ ಹೊರಡುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿಯೂ ಬಹುಕಾಲವಿತ್ತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಬರೆದ 'ಮಿತಾಕ್ಷರಾ'ದಲ್ಲಿ ದಿವ್ಯಪರೀಕ್ಷೆಗಳ ವಿಚಾರವಿದೆ. ಕಳವಿನ ಆರೋಪ ಹೊತ್ತವನಿಗೆ ಅಕ್ಕಿ ಅಗಿಸುವುದು ಅವುಗಳಲ್ಲೊಂದು. ಕಳ್ಳನ ಬಾಯಿ ಅಂಜಿಕೆಯಿಂದ ಒಣಗುವುದಂತೆ. ನಿರಪರಾಧಿಯ ಬಾಯಿ ಅಂಜಿಕೆಗೆ ಒಣಗದೇ? ಇದನ್ನು ಹುಡುಗರಾದ ನೀವೇ ಹೇಳಬಲ್ಲಿರಿ.

ಕಡೆಗೆ ಅರಸನು ಅಭಯವಿತ್ತು ಕೇಳಿದಾಗ, ದಂಡನೆಗೆ ಬಾಗದಿದ್ದವನು ತಾನಾಗಿಯೇ ಬಾಯಿಬಿಟ್ಟನು: ಕದ್ದವನು ತಾನೇ, ಯಮದಂಡನ ಮಾತು ನಿಜ. ಅಚ್ಚರಿಗೊಂಡ ಅರಸನು ಬೇಕಾದುದನ್ನು ಬೇಡೆಂದನು. ಹೊನ್ನನ್ನು ಬೇಡಬಹುದಾಗಿದ್ದ ಆ ಚೋರನು ತನ್ನನ್ನು ಹಿಡಿದು ತಂದ ತಳಾರನ ಪ್ರಾಣವನ್ನು ಉಳಿಸಿಕೊಡಬೇಕೆಂದು ಬೇಡಿಕೊಂಡನು. ಏಕೆಂದು ಕೇಳಲು, ಇವನು ನನ್ನ ಬಾಲ್ಯದ ಗೆಳೆಯನೆಂದು ಹೇಳಿ, ಮೊದಲಿನಿಂದ ತಮ್ಮ ಕಥೆಯನ್ನು ಸಭೆಗೆ ತಿಳುಹಿದನು.