ಗಾಡಿ ‘ಮಿಸ್ಸಿಂಗ್’ ಹೊಡೆದಾಗ

(ಮಹಿಳಾ ವಿಭಾಗದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ಕೂಟದಲ್ಲಿ ಡಾಕ್ಟರು ಬಂದು ಮಂಡಿನೋವಿನ ಬಗ್ಗೆ ಮಾತಾಡಿದ್ದರು. ಈ ಸಲ ನನ್ನನ್ನು ಕರೆದಾಗ, ‘ನನ್ನ ಕಾರಿನ ಕಾಯಿಲೆಯ ಬಗ್ಗೆ ಮಾತಾಡಲೇ?’ ಎಂದು ಕೇಳಿದೆ. ಕಾರ್ಯದರ್ಶಿಯವರು ಮೊದಲು ನಕ್ಕರು. ಆಮೇಲೆ, ‘ಆಗಲಿ, ನಮ್ಮಲ್ಲೂ ಈಗ ತುಂಬ ಜನ ಗಾಡಿ ಓಡಿಸುತ್ತಾರಲ್ಲ’ ಅಂದರು. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ತಾಳೆ ನೋಡಿದವಳು. ಆ ಅನುಭವವೇ ಗ್ಯಾರೇಜಿನಲ್ಲಿ ನನ್ನ ಕೈಹಿಡಿಯಿತು. ಅದನ್ನೇ ಹೇಳಲು ಬಂದಿದ್ದೇನೆ.

ನಮ್ಮದು 2013ರ ಪೆಟ್ರೋಲ್ ಗಾಡಿ. 1,62,000 ಕಿಲೋಮೀಟರ್ ಓಡಿದೆ. ನಮ್ಮ ಮನೆಯವರಿಗೆ ಕಣ್ಣಿನ ತೊಂದರೆಯಾಗಿ ಓಡಿಸುವುದು ನಿಂತಮೇಲೆ, ಐವತ್ತೊಂದನೇ ವಯಸ್ಸಿನಲ್ಲಿ ನಾನು ಕಲಿತೆ. ಪಾರ್ಲೆ ಪೂರ್ವದ ಆ ಸಣ್ಣ ರಸ್ತೆಗಳಲ್ಲಿ, ಒಂದು ಕಡೆ ರಿಕ್ಷಾ, ಒಂದು ಕಡೆ ತರಕಾರಿ ಗಾಡಿ, ನಡುವೆ ನಾನು! ಅತ್ತೆಯವರಿಗೆ ಈಗ ಎಂಬತ್ತೆಂಟು. ಅವರ ಗಾಲಿಕುರ್ಚಿ ಮಡಚಿದರೆ ನಮ್ಮ ಡಿಕ್ಕಿಯಲ್ಲಿ ಸರಿಯಾಗಿ ಕೂರುತ್ತದೆ. ರಿಕ್ಷಾದಲ್ಲಿ ಕೂರುವುದಿಲ್ಲ. ವಾರಕ್ಕೆರಡು ಸಲ ಅವರನ್ನು ಫಿಸಿಯೋಥೆರಪಿಗೆ ಕರೆದೊಯ್ಯುವುದು ಈ ಗಾಡಿಯಲ್ಲೇ. ಹಾಗಾಗಿ ಇದು ನಮಗೆ ಶೋಕಿಯ ವಸ್ತುವಲ್ಲ.

ಹೋದ ಜುಲೈ, ಜೋರು ಮಳೆ. ಸಿಗ್ನಲಿನಲ್ಲಿ ನಿಂತಾಗ ಸ್ಟೇರಿಂಗ್ ನಡುಗತೊಡಗಿತು. ಗಾಡಿ ಓಡುವಾಗ ಅಷ್ಟು ಗೊತ್ತಾಗುತ್ತಿರಲಿಲ್ಲ, ಪಿಕಪ್ ಮಾತ್ರ ಕಡಿಮೆ. ಇವರನ್ನು ಕೇಳಿದರೆ, ‘ಮುಂಬಯಿ ರಸ್ತೆ ಹಾಗೇ ಇದೆ’ ಅಂದರು. ನಾನೂ ಮೂರು ವಾರ ಹಾಗೇ ಓಡಿಸಿದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಒಂದು ಸಂಜೆ ಹೈವೇಯ ಫ್ಲೈಓವರ್ ಏರುವಾಗ ಇಂಜಿನ್ ಚಿತ್ರದ ಹಳದಿ ದೀಪ ಮಿಣಮಿಣ ಮಿನುಗತೊಡಗಿತು. ಹಿಂದಿನ ಸೀಟಿನಲ್ಲಿ ಅತ್ತೆ. ‘ಏನಮ್ಮಾ, ಎತ್ತಿನ ಗಾಡಿಯ ಹಾಗೆ ಕುಲುಕುತ್ತಿದೆಯಲ್ಲ?’ ಎಂದು ಕೇಳಿದರು. ನನ್ನ ಕೈ ಬೆವರಿತ್ತು.

ಇದಕ್ಕೆ ಮೆಕ್ಯಾನಿಕ್‌ಗಳು ‘ಮಿಸ್ಸಿಂಗ್ ಮಾರ್ತಾ ಹೈ’ ಅನ್ನುತ್ತಾರೆ. ದೇವರ ಪಲ್ಲಕ್ಕಿಯನ್ನು ನಾಲ್ವರು ಹೊತ್ತು ನಡೆಯುತ್ತಿದ್ದಾರೆ ಅಂದುಕೊಳ್ಳಿ. ಒಬ್ಬ ಹೆಗಲು ಇಳಿಸಿದರೆ ಪಲ್ಲಕ್ಕಿ ಬೀಳುವುದಿಲ್ಲ, ಆದರೆ ಓಲಾಡುತ್ತದೆ. ನಮ್ಮಂಥ ಗಾಡಿಯಲ್ಲಿ ನಾಲ್ಕು ಸಿಲಿಂಡರ್. ಸಿಗ್ನಲಿನಲ್ಲಿ ನಿಂತಾಗ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಆಗ ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 400 ಸಲ ಪೆಟ್ರೋಲ್ ಹೊತ್ತಿಕೊಳ್ಳಬೇಕು. ಒಂದರಲ್ಲಿ ಹೊತ್ತಿಕೊಳ್ಳದಿದ್ದರೆ ಅದೇ ಮಿಸ್ಸಿಂಗ್. ಕಾರಣಗಳೂ ನಮ್ಮ ಗ್ಯಾಸ್ ಒಲೆಯ ಹಾಗೆಯೇ: ಕಿಡಿ ಇಲ್ಲ, ಇಂಧನ ಬರುತ್ತಿಲ್ಲ, ಗಾಳಿಯ ಹದ ತಪ್ಪಿದೆ. ಒಲೆಗೆ ಇಲ್ಲದ ನಾಲ್ಕನೆಯದೊಂದು ಇಂಜಿನ್‌ಗೆ ಇದೆ. ಅದು ಕಂಪ್ರೆಷನ್, ಅಂದರೆ ಒಳಗಿನ ಒತ್ತಡ. ವಾಲ್ವ್ ಅಥವಾ ಪಿಸ್ಟನ್ ರಿಂಗ್ ಸವೆದರೆ ಅದು ಸೋರಿಹೋಗುತ್ತದೆ.

ಮೊದಲು ಹೋದ ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಿಸಿದರು, ಇಂಜೆಕ್ಟರ್ ತೊಳೆದರು. ಐದು ಸಾವಿರ ಹೋಯಿತು, ನಡುಕ ಹೋಗಲಿಲ್ಲ. ಎರಡನೇ ಸಲ ಹೋದಾಗ ಅಲ್ಲಿನವರು ನನ್ನನ್ನು ಬಿಟ್ಟು ಇವರ ಕಡೆ ತಿರುಗಿ, ‘ಸಾಹೇಬ್, ಇಂಜಿನ್ ಮುಗಿದಿದೆ. ಹೆಡ್ ಬಿಚ್ಚಬೇಕು, ನಲವತ್ತೈದು ಸಾವಿರ ಆಗುತ್ತದೆ. ಇಲ್ಲವೇ ಮಾರಿಬಿಡಿ’ ಅಂದರು. ಬೆಂಗಳೂರಿನಿಂದ ಮಗನೂ ಫೋನಿನಲ್ಲಿ, ‘ಅಮ್ಮಾ, ಸಾಕು ಮಾಡು. ಟ್ಯಾಕ್ಸಿ ಕರೆಸಿದರಾಯಿತು’ ಅಂದ. ಇವರು ಸುಮ್ಮನೆ ಕೂತರು. ಅವರು ಸುಮ್ಮನಿದ್ದರೆ ಒಪ್ಪಿದ್ದಾರೆ ಎಂದೇ ಅರ್ಥ, ನಿಮಗೆಲ್ಲ ಗೊತ್ತಿರುವುದೇ!

ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಏನು ಮಾಡುತ್ತಿದ್ದೆವು? ಲೆಡ್ಜರನ್ನೇ ಬಿಸಾಡಿ ಹೊಸದು ಬರೆಯುತ್ತಿದ್ದೆವೇ? ತಪ್ಪು ಯಾವ ಪುಟದಲ್ಲಿದೆ ಎಂದು ಮೊದಲು ಹುಡುಕುತ್ತಿದ್ದೆವು. ಆಮೇಲೆ ಯಾವ ಸಾಲು ಎಂದು. ಈ ಗ್ಯಾರೇಜಿನವರು ಪುಟವನ್ನೇ ಹುಡುಕಿರಲಿಲ್ಲ. ಯಾವ ಸಿಲಿಂಡರ್ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮರುದಿನ ನಮ್ಮ ಕೆಳಗಿನ ಮನೆಯವರು ಹೇಳಿದ ಒಬ್ಬ ವಯಸ್ಸಾದ ಮೇಸ್ತ್ರಿಯ ಹತ್ತಿರ ಹೋದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಹುಡುಗನಾಗಿದ್ದಾಗಿನಿಂದ ಕಾಲೀಪೀಲೀ ಪದ್ಮಿನಿ ಟ್ಯಾಕ್ಸಿ ರಿಪೇರಿ ಮಾಡಿದವರು. ಕುರ್ಲಾದಲ್ಲೇ ತಯಾರಾಗುತ್ತಿದ್ದ ಆ ಗಾಡಿ, ಕೊನೆಯದು 2023ರ ಅಕ್ಟೋಬರಿಗೆ ನಮ್ಮ ರಸ್ತೆಗಳಿಂದ ಹೋಯಿತಲ್ಲ, ಅದೇ. ‘ಆಗ ಸ್ಕ್ಯಾನರ್ ಎಲ್ಲಿತ್ತು? ಇಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ಗಿನ ವಯರ್ ತೆಗೆಯುತ್ತಿದ್ದೆವು. ಯಾವುದನ್ನು ತೆಗೆದರೂ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್’ ಅಂದರು. ಈಗಿನ ಗಾಡಿಯಲ್ಲಿ ನೀವು ಹಾಗೆ ಕೈ ಹಾಕಬೇಡಿ. ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ನಾನು ಕೇಳಿದೆ: ‘ಚಾಚಾ, ಯಾವ ಸಿಲಿಂಡರ್?’ ಅವರು ನನ್ನ ಮುಖ ನೋಡಿದರು. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದರು. ಪಿ 0303 ಎಂದು ಬಂತು. ಈ ಸಂಖ್ಯೆ ನೆನಪಿಡಿ. ಪಿ 0301ರಿಂದ 0304ರ ತನಕ ಕೊನೆಯ ಅಂಕಿಯೇ ಸಿಲಿಂಡರ್ ನಂಬರು. ಪಿ 0300 ಬಂದರೆ ಒಂದೇ ಸಿಲಿಂಡರ್ ಅಲ್ಲ, ಬೇರೆಬೇರೆ ಕಡೆ ತಪ್ಪುತ್ತಿದೆ ಎಂದರ್ಥ. ಆದರೆ ಈ ಕೋಡ್ ಪುಟವನ್ನಷ್ಟೇ ಹೇಳುತ್ತದೆ, ಸಾಲನ್ನು ಹೇಳುವುದಿಲ್ಲ.

ಸಾಲು ಹುಡುಕಲು ಚಾಚಾ ಪೈಸೆ ಖರ್ಚಿಲ್ಲದ ಕೆಲಸ ಮಾಡಿದರು. ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ ಹಾಕಿದರು, ಒಂದನೆಯದನ್ನು ಮೂರಕ್ಕೆ. ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ ಬಂದೆವು. ಈಗ ಪಿ 0301! ಕಾಯಿಲಿನ ಹಿಂದೆಯೇ ತಪ್ಪೂ ಹೋಗಿತ್ತು. ಹಾಗಾಗಿ ಕಳ್ಳ ಕಾಯಿಲೇ. ಹೋಗದೆ ಮೂರರಲ್ಲೇ ಉಳಿದಿದ್ದರೆ ಪ್ಲಗ್ ಅದಲುಬದಲು, ಆಮೇಲೆ ಇಂಜೆಕ್ಟರ್. ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಚಾಚಾ ಆ ಕಾಯಿಲಿನ ರಬ್ಬರ್ ತುದಿ ತೋರಿಸಿದರು. ಎಣ್ಣೆ ಮೆತ್ತಿ ಉಬ್ಬಿತ್ತು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹಳೆಯದಾಗಿ ಗಟ್ಟಿಯಾಗಿ, ಪ್ಲಗ್ ಕೂರುವ ಗುಂಡಿಯೊಳಗೆ ಇಂಜಿನ್ ಆಯಿಲ್ ಸೋರುತ್ತಿತ್ತು. ‘ಕಾಯಿಲ್ ಮಾತ್ರ ಹಾಕಿದರೆ ಅದೂ ಹೀಗೇ ಹಾಳಾಗುತ್ತದೆ. ನೀವು ಮತ್ತೆ ಬಂದು ನನ್ನನ್ನು ಬೈಯುತ್ತೀರಿ’ ಅಂದರು. ಮೊದಲ ಗ್ಯಾರೇಜಿನಲ್ಲಿ ಪ್ಲಗ್ ಬದಲಿಸುವಾಗ ಆ ಎಣ್ಣೆ ಕಾಣಲೇಬೇಕಿತ್ತು. ಯಾರೂ ಹೇಳಿರಲಿಲ್ಲ.

ಇಷ್ಟಾದರೂ ನನಗೆ ಅನುಮಾನ. ಗಾಡಿ ಹಳೆಯದು, ‘ಇಂಜಿನ್ ಮುಗಿದಿದೆ’ ಎಂಬ ಮಾತು ನಿಜವಾಗಿದ್ದರೆ? ‘ಪ್ಲಗ್ ಹೇಗೂ ತೆಗೆದಿದ್ದೀರಿ, ಕಂಪ್ರೆಷನ್ ನೋಡಿ ಚಾಚಾ’ ಅಂದೆ. 170, 170, 160, 165 ಬಂತು. ನಾಲ್ಕೂ ಹತ್ತಿರಹತ್ತಿರ ಇದ್ದರೆ, ಶೇಕಡಾ ಹತ್ತರ ಒಳಗಿನ ವ್ಯತ್ಯಾಸವಾದರೆ, ಚಿಂತೆಯಿಲ್ಲ. ಒಂದು ಮಾತ್ರ ತುಂಬ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವ್. ನನ್ನ ಗಾಡಿಯಲ್ಲಿ ಹಾಗೆ ಬಂದಿದ್ದರೆ ನಾನೂ ಮಾರುತ್ತಿದ್ದೆ. ಹಳೆ ಗಾಡಿಯ ಮೇಲೆ ಕುರುಡು ಪ್ರೀತಿ ಬೇಡ. ಆದರೆ ಅಳೆಯದೆ ಸಾವಿನ ಸರ್ಟಿಫಿಕೇಟ್ ಬರೆಯುವುದೂ ಬೇಡ.

ಕಾಯಿಲ್, ಪ್ಯಾಕಿಂಗ್, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಇನ್ನೂರು ರೂಪಾಯಿ. ಮನೆಗೆ ಬರುವಾಗ ಸಿಗ್ನಲಿನಲ್ಲಿ ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಮೀಟರ್ ನೋಡಬೇಕಾಯಿತು, ಅಷ್ಟು ಸದ್ದಿಲ್ಲ.

ನಿಮಗಾಗಿ ಕೆಲವು ಮಾತು ಚೀಟಿಯಲ್ಲಿ ಬರೆದು ತಂದಿದ್ದೇನೆ.

ಹಳದಿ ದೀಪ ಮಿನುಗಿದರೆ ಆಕ್ಸಿಲರೇಟರ್ ಬಿಟ್ಟು, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕಾದು ಹಾಳಾಗುತ್ತದೆ. ಅದರ ಬೆಲೆ ಕಾಯಿಲಿನ ಎಷ್ಟೋ ಪಟ್ಟು. ಮೂರು ವಾರ ಓಡಿಸಿಯೂ ನನ್ನದು ಉಳಿಯಿತು. ಅದು ಅದೃಷ್ಟ, ಜಾಣತನವಲ್ಲ. ದೀಪ ಮಿನುಗದೆ ಸುಮ್ಮನೆ ಹೊತ್ತಿಕೊಂಡಿದ್ದರೆ ನಿಧಾನವಾಗಿ ಓಡಿಸಿ ಬೇಗ ತೋರಿಸಿ.

ಯಾವಾಗ ನಡುಗುತ್ತದೆ ಎಂದು ಬರೆದಿಡಿ. ಮಳೆಯಲ್ಲಿ, ತೇವದ ಬೆಳಿಗ್ಗೆ ಮಾತ್ರವಾದರೆ ಕಿಡಿಯ ಕಡೆ ಅನುಮಾನ. ನಿಂತಾಗ ಜಾಸ್ತಿ, ವೇಗದಲ್ಲಿ ಸರಿಹೋದರೆ ಗಾಳಿಯ ರಬ್ಬರ್ ಪೈಪು ಎಲ್ಲೋ ಒಡೆದಿರಬಹುದು. ಸಿಎನ್‌ಜಿಯಲ್ಲಿ ಮಾತ್ರವಾದರೂ ಪ್ಲಗ್, ಕಾಯಿಲ್ ನೋಡಿಸಿ. ಆ ಗ್ಯಾಸಿಗೆ ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ನಮ್ಮ ಸೊಸೈಟಿಗಳ ಇಲಿಗಳನ್ನೂ ಮರೆಯಬೇಡಿ, ವಯರ್ ಕಡಿಯುವುದರಲ್ಲಿ ಅವು ನಿಪುಣರು.

ಗ್ಯಾರೇಜಿನಲ್ಲಿ ಮೂರು ಪ್ರಶ್ನೆ ಸಾಕು: ಯಾವ ಸಿಲಿಂಡರ್? ಅದಲುಬದಲು ಮಾಡಿ ನೋಡಿದಿರಾ? ಕಂಪ್ರೆಷನ್ ಎಷ್ಟು ಬಂತು? ಉತ್ತರ ಸಿಗುವ ತನಕ ದೊಡ್ಡ ಖರ್ಚಿಗೆ ಹೂಂ ಅನ್ನಬೇಡಿ. ತೆಗೆದ ಹಳೆ ಸಾಮಾನು ಕೇಳಿ ಪಡೆಯಿರಿ.

ಆ ಹಳೆ ಕಾಯಿಲನ್ನು ಇವತ್ತು ಚೀಲದಲ್ಲಿ ತಂದಿದ್ದೇನೆ. ಚಹಾ ಕುಡಿಯುವಾಗ ಕೈಯಲ್ಲಿ ಹಿಡಿದು ನೋಡಿ. ಎಣ್ಣೆ ಅಂಟೀತು, ಸೀರೆ ಜೋಪಾನ! ಮತ್ತೆ ಕೆಳಗೆ ಅತ್ತೆ ಗಾಡಿಯಲ್ಲೇ ಕಾಯುತ್ತಿದ್ದಾರೆ, ಮುಗಿಸುತ್ತೇನೆ.