ಹೊರನಾಡಿನ ಸಾಲ ಮತ್ತು ರೂಪಾಯಿಯ ಬೆಲೆ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಗೊಬ್ಬರದ ಬಗ್ಗೆ ಮಾತನಾಡಬೇಕಾದವನು ಡಾಲರಿನ ವಿಷಯ ತೆಗೆದದ್ದು ತಮಗೆ ವಿಚಿತ್ರವೆನಿಸಬಹುದು. ಆದರೆ ನಾವು ಹೊಲಕ್ಕೆ ಹಾಕುವ ಪೊಟ್ಯಾಷ್ ಬಹುಮಟ್ಟಿಗೆ ಹೊರನಾಡಿನಿಂದಲೇ ಬರತಕ್ಕದ್ದು. ಅದರ ಬೆಲೆಯನ್ನು ಡಾಲರಿನಲ್ಲೇ ತೆರಬೇಕು.

ರಾಗಿ ಬೆಳೆಯುವ ರೈತನೊಬ್ಬ ಸಾಲ ತಂದಿದ್ದಾನೆ, ಅದನ್ನು ಅಡಿಕೆಯಲ್ಲೇ ತೀರಿಸಬೇಕೆಂದು ಕರಾರು ಇದೆ ಎಂದಿಟ್ಟುಕೊಳ್ಳಿ. ಅವನಲ್ಲಿ ಒಂದು ಅಡಿಕೆ ಮರವೂ ಇಲ್ಲ. ಕಂತು ಬಂದಾಗಲೆಲ್ಲ ರಾಗಿ ಮಾರಿ ಸಂತೆಯಲ್ಲಿ ಅಡಿಕೆ ಕೊಳ್ಳಬೇಕು. ಊರಿಗೆ ಊರೇ ಇಂಥ ಸಾಲ ಮಾಡಿದ್ದರೆ? ಎಲ್ಲರೂ ರಾಗಿ ಹೊತ್ತು ಒಂದೇ ಸಂತೆಗೆ ಬರುತ್ತಾರೆ. ಅಡಿಕೆಯ ಬೆಲೆ ಏರುತ್ತದೆ, ರಾಗಿಯದು ಇಳಿಯುತ್ತದೆ. ಡಾಲರ್ ಸಾಲ ಮಾಡಿದ ದೇಶದ ಪಾಡೂ ಹೀಗೆಯೇ.

ನೆರೆಯ ಶ್ರೀಲಂಕಾವನ್ನೇ ನೋಡಿ. ಅಲ್ಲಿಗೆ ಡಾಲರ್ ಬರುವುದು ಚಹಾ, ಸಿದ್ಧ ಉಡುಪು, ಪ್ರವಾಸಿಗರು ಮತ್ತು ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣದಿಂದ. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟ, 2020ರ ಕೊರೋನಾ, ಇವುಗಳಿಂದ ಪ್ರವಾಸಿಗರ ಆದಾಯ ಬತ್ತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅಲ್ಲಿಯ ಕೇಂದ್ರ ಬ್ಯಾಂಕು ಡಾಲರಿಗೆ ಸುಮಾರು 200 ರೂಪಾಯಿ ದರವನ್ನು ಬಿಗಿಹಿಡಿದಿತ್ತು. ಕೂಡಿಟ್ಟ ಡಾಲರುಗಳು ಕರಗುತ್ತ ಬಂದು, 2022ರ ಮಾರ್ಚ್ ತಿಂಗಳಲ್ಲಿ ಹಿಡಿತ ಬಿಡಬೇಕಾಯಿತು. ಏಪ್ರಿಲ್ 12ರಂದು ಹೊರನಾಡಿನ ಸಾಲದ ಪಾವತಿಯನ್ನು ನಿಲ್ಲಿಸಿರುವುದಾಗಿ ಸರ್ಕಾರ ಸಾರಿತು. ಮೇ ಹೊತ್ತಿಗೆ ಡಾಲರಿಗೆ ಸುಮಾರು 360 ರೂಪಾಯಿ ಆಗಿತ್ತು.

ಲೆಕ್ಕ ಹಾಕಿ. 10 ಲಕ್ಷ ಡಾಲರ್ ಸಾಲ 200ರ ದರದಲ್ಲಿ 20 ಕೋಟಿ ರೂಪಾಯಿ. 360ರ ದರದಲ್ಲಿ 36 ಕೋಟಿ. ಹೊಸದಾಗಿ ಒಂದು ಕಾಸೂ ತರದೆ ಸಾಲ 16 ಕೋಟಿ ಬೆಳೆಯಿತು. ಇದನ್ನು ಕಂಡು ಸಾಲ ಕೊಡುವವರು ಹಿಂಜರಿಯುತ್ತಾರೆ, ಡಾಲರ್ ಉಳ್ಳವರು ಅದನ್ನು ಕೈಬಿಡುವುದಿಲ್ಲ. ಆಗ ರೂಪಾಯಿ ಮತ್ತೂ ಇಳಿಯುತ್ತದೆ.

ಇದಕ್ಕೆ ಮೊದಲೇ, 2021ರ ಮೇ ತಿಂಗಳಲ್ಲಿ, ಅಲ್ಲಿಯ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿತ್ತು. ಹೇಳಿದ್ದು ಸಾವಯವ ಕೃಷಿಯ ಮಾತು. ಡಾಲರ್ ಉಳಿಸುವ ಲೆಕ್ಕವೂ ಅದರೊಳಗಿತ್ತು. ಕೊಟ್ಟಿಗೆ ಗೊಬ್ಬರವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಇಡೀ ದೇಶಕ್ಕೆ ಸಾಲುವಷ್ಟು ಗೊಬ್ಬರ ಒಂದು ಹಂಗಾಮಿನಲ್ಲಿ ತಯಾರಾಗುವುದುಂಟೆ? ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದರೂ ಆ ಹಂಗಾಮಿನ ಬತ್ತದ ಇಳುವರಿ ಕುಸಿಯಿತು. ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು, ಅದಕ್ಕೂ ಡಾಲರೇ ಬೇಕು. ರೂಪಾಯಿ ಇಳಿದರೆ ಚಹಾ ರಫ್ತಿನಿಂದ ಹೆಚ್ಚು ರೂಪಾಯಿ ಕೈಸೇರುತ್ತದೆ, ನಿಜ. ಆದರೆ 2021ರಲ್ಲಿ ಸುಮಾರು 30 ಕೋಟಿ ಕಿಲೋ ಇದ್ದ ಚಹಾ ಉತ್ಪನ್ನ 2022ರಲ್ಲಿ ಸುಮಾರು 25 ಕೋಟಿಗೆ ಇಳಿದಿತ್ತು.

ನಾವೂ ಈ ಪ್ರಪಾತದ ಅಂಚಿಗೆ ಹೋಗಿ ಬಂದವರೇ. 1991ರಲ್ಲಿ ನಮ್ಮ ದೇಶದಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿದಿತ್ತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರನಾಡಿನಲ್ಲಿ ಒತ್ತೆ ಇಟ್ಟಿತು. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆ ಇಳಿಸಲಾಯಿತು. ಡಾಲರಿಗೆ ಸುಮಾರು 21 ರೂಪಾಯಿ ಇದ್ದದ್ದು 26ರ ಆಸುಪಾಸಿಗೆ ಬಂತು. ಸರ್ಕಾರದ ಖರ್ಚು ತಗ್ಗಿಸುವ ಒತ್ತಡವೂ ಬಂದು, 1992ರ ಆಗಸ್ಟಿನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣವನ್ನು ತೆಗೆಯಲಾಯಿತು. ಅವುಗಳ ಬೆಲೆ ಏರಿತು, ಯೂರಿಯಾ ಅಗ್ಗವಾಗಿಯೇ ಉಳಿಯಿತು. ರೈತರು ಪೊಟ್ಯಾಷ್ ಬಿಟ್ಟು ಯೂರಿಯಾ ಸುರಿದರು. ಮಣ್ಣಿನ ಪರೀಕ್ಷೆ ಮಾಡಿಸಿ ಎಂದು ನಾವು ತಮ್ಮನ್ನು ಇಂದಿಗೂ ಕಾಡುತ್ತಿರುವುದಕ್ಕೆ ಅದೂ ಒಂದು ಕಾರಣ.