ಜಗಳಗಂಟಿ ಯಾರು: ಹುಡುಗಿಯೋ, ಮನೆಯೋ?

(ಮಹಿಳಾ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ ಸಾವು, ಹೆಂಡತಿಯ ಮೇಲಿನ ಹಲ್ಲೆಗಳ ಬಗ್ಗೆ ಮಾತಾಡುವ ಈ ಸಭೆಯಲ್ಲಿ ಬಾಲಮಂದಿರದ ವಿಷಯ ಏಕೆ ಎಂದು ನೀವು ಕೇಳಬಹುದು. ನ್ಯಾಯಕ್ಕಾಗಿ ಠಾಣೆಗೂ ಕೋರ್ಟಿಗೂ ಅಲೆಯುವ ನಾವು, ಸತ್ತವಳ ಮಕ್ಕಳು ಎಲ್ಲಿ ಹೋದರು ಎಂದು ಕೇಳುವುದು ಕಡಿಮೆ. ತಾಯಿ ಸುಟ್ಟು ಸತ್ತು, ತಂದೆ ಜೈಲು ಸೇರಿ, ನೆಂಟರು ಕೈಬಿಟ್ಟ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿ ಬಾಲಮಂದಿರಕ್ಕೆ ಕಳಿಸುತ್ತದೆ. ಎಷ್ಟೋ ಹುಡುಗಿಯರಿಗೆ ಹದಿನೆಂಟು ತುಂಬುವವರೆಗೆ ಅದೇ ಮನೆ.

ಅಂಥ ಒಂದು ಮಂದಿರಕ್ಕೆ ನಾನು ಕೆಲವು ವರ್ಷ ವಾರಕ್ಕೊಮ್ಮೆ ಹೋಗುತ್ತಿದ್ದೆ. ಒಂದು ದಿನ ಹೋದಾಗ ಹದಿನೈದರ ಹುಡುಗಿಯೊಬ್ಬಳು ಊಟದ ತಟ್ಟೆ ಎಸೆದು ಚಿಕ್ಕವಳೊಬ್ಬಳ ಹಣೆ ಒಡೆದಿದ್ದಳು. “ಇವಳ ರಕ್ತವೇ ಹಾಗೆ ಮೇಡಂ, ಅಪ್ಪನ ಗುಣ” ಎಂದರು ಸಿಬ್ಬಂದಿಯ ಒಬ್ಬ ಹೆಂಗಸು. ಹುಡುಗಿಯನ್ನು ಬೇರೆ ಊರಿನ ಮಂದಿರಕ್ಕೆ ವರ್ಗ ಮಾಡುವ ಕಾಗದ ಸಿದ್ಧವಾಗಿತ್ತು. ಕೋಪ ತಡೆದುಕೊಳ್ಳುವ ಬಗ್ಗೆ ನಾನೂ ಅವಳಿಗೆ ಉಪದೇಶ ಮಾಡಲು ಕೂತೆ. ಅವಳು ಕೇಳಿದಳು: “ಅಕ್ಕಾ, ಅಜ್ಜಿ ನೋಡೋಕೆ ಬಂದು ವಾಪಸ್ ಹೋದ್ರಂತೆ. ನಂಗ್ಯಾಕೆ ಹೇಳಲಿಲ್ಲ? ಅದನ್ನ ಯಾರನ್ನ ಕೇಳಬೇಕು?” ನನ್ನಲ್ಲಿ ಉತ್ತರವಿರಲಿಲ್ಲ.

ವರ್ಗ ನಿಲ್ಲಲಿಲ್ಲ. ಅವಳು ಹೋದ ಎರಡೇ ವಾರಕ್ಕೆ ಅದೇ ಕೋಣೆಯಲ್ಲಿ ಇನ್ನೊಬ್ಬಳು ಕಿಟಕಿಯ ಗಾಜು ಒಡೆದಳು. ಆಗ ನನಗೆ ಅನುಮಾನ ಬಂತು. ದೋಷ ಹುಡುಗಿಯ ರಕ್ತದಲ್ಲಿದ್ದರೆ ಅದು ಅವಳ ಜೊತೆಗೇ ಹೋಗಬೇಕಿತ್ತಲ್ಲ? ಅಲ್ಲಿನ ದಿನಚರಿಯನ್ನು ಗಮನಿಸತೊಡಗಿದೆ. ಒಬ್ಬಳು ತಪ್ಪು ಮಾಡಿದರೆ ಇಡೀ ಕೋಣೆಗೆ ಟಿ.ವಿ. ಬಂದ್. ಚಿಕ್ಕವರನ್ನು ಹದ್ದುಬಸ್ತಿನಲ್ಲಿಡಲು ದೊಡ್ಡ ಹುಡುಗಿಯೊಬ್ಬಳು ‘ಲೀಡರ್’. ಮೇಲಿನವರಿಂದ ಬೈಸಿಕೊಂಡವಳು ಕೆಳಗಿನವಳನ್ನು ಹೊಡೆಯುತ್ತಿದ್ದಳು. ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಮಗುವಿಗೆ ಇಳಿಯುವ ಏಟು ನಮಗೆ ಹೊಸದೇ?

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬವರು ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಬೇರೆ ಬೇರೆ ರೀತಿಯ ನಾಯಕರನ್ನು ಕೊಟ್ಟು ನೋಡಿ, 1939ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಯಕನ ರೀತಿ ಬದಲಾದಂತೆ ಅದೇ ಹುಡುಗರ ನಡತೆಯೂ ಬದಲಾಯಿತು. ಸರ್ವಾಧಿಕಾರಿ ನಾಯಕನ ಕೆಳಗೆ ಕೆಲವರು ಹೊಡೆದಾಡಿದರು, ಹೆಚ್ಚಿನವರು ಮಂಕಾಗಿ ಸುಮ್ಮನಿದ್ದರು. ಆದರೆ ನಾಯಕ ಕೋಣೆಯಿಂದ ಹೊರಗೆ ಹೋದೊಡನೆ ಆ ಸುಮ್ಮನಿದ್ದವರಲ್ಲೂ ಜಗಳ ಎದ್ದಿತು. ಸೊಸೆ ತುಟಿ ಬಿಚ್ಚದ ಮನೆಯನ್ನು ಊರವರು ‘ನೆಮ್ಮದಿಯ ಸಂಸಾರ’ ಎನ್ನುತ್ತಾರೆ. ಆ ನೆಮ್ಮದಿ ಎಂಥದೆಂದು ನಮಗೆ ಗೊತ್ತಿದೆ.

ಈಚೆಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಪೀರ್ ವಾನ್ ಡರ್ ಹೆಲ್ಮ್ ಮತ್ತು ಸಂಗಡಿಗರು ಮುಚ್ಚಿದ ಸಂಸ್ಥೆಗಳಲ್ಲಿರುವ ಹದಿಹರೆಯದವರನ್ನೇ ಕೇಳಿ ‘ಗುಂಪಿನ ವಾತಾವರಣ’ವನ್ನು ಅಳೆದಿದ್ದಾರೆ. ಅವರು ನೋಡಿದ್ದು ನಾಲ್ಕು ಅಂಶ: ಸಿಬ್ಬಂದಿ ಆಸರೆಯಾಗುತ್ತಾರೆಯೇ, ಇಲ್ಲಿ ಏನಾದರೂ ಕಲಿತು ಬೆಳೆಯಬಹುದೇ, ದಬ್ಬಾಳಿಕೆ ಎಷ್ಟಿದೆ, ಒಬ್ಬರನ್ನೊಬ್ಬರು ನಂಬಬಹುದೇ. ದಬ್ಬಾಳಿಕೆಯಿಂದ ಕೋಪವೋ, ಕೋಪಕ್ಕೆ ಹೆದರಿ ದಬ್ಬಾಳಿಕೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಒಂದು ಇನ್ನೊಂದನ್ನು ಬೆಳೆಸುತ್ತದೆ ಎಂಬುದು ನಾನು ಕಂಡ ಮಾತು.

ಹಾಗಾದರೆ ಹಣೆ ಒಡೆದುಕೊಂಡ ಚಿಕ್ಕವಳಿಗೆ ನ್ಯಾಯ ಬೇಡವೇ? ಖಂಡಿತ ಬೇಕು. ‘ಕುಡಿದಿದ್ದ, ಪಾಪ’ ಎಂದು ಗಂಡನನ್ನು ಬಿಡುವುದನ್ನು ಒಪ್ಪದ ನಾವು ಇಲ್ಲಿಯೂ ಏಟನ್ನು ಏಟೆಂದೇ ಕರೆಯಬೇಕು. ಆದರೆ ಹೊಡೆದವಳನ್ನು ಊರು ದಾಟಿಸಿದರೆ ಚಿಕ್ಕವಳಿಗೆ ರಕ್ಷಣೆ ಸಿಕ್ಕಂತಾಗಲಿಲ್ಲ. ಕಿಟಕಿಯ ಗಾಜು ಅದನ್ನೇ ಹೇಳಿತು. ಸಿಬ್ಬಂದಿಯೂ ಹೆಂಗಸರೇ. ಕಡಿಮೆ ಸಂಬಳ, ರಾತ್ರಿಪಾಳಿಯಲ್ಲಿ ಇಡೀ ಮಂದಿರಕ್ಕೆ ಒಬ್ಬಳೇ. ಅವಳೂ ಹೆದರಿದ್ದಳು, ಹೆದರಿಕೆಗೆ ಕೂಗುತ್ತಿದ್ದಳು. ಅವಳೊಬ್ಬಳನ್ನೇ ದೂರಿ ಪ್ರಯೋಜನವಿಲ್ಲ.

ಕಡೆಗೆ ವಾರಕ್ಕೊಂದು ದಿನ ಹುಡುಗಿಯರನ್ನೂ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿದೆವು. ಮೊದಲ ಎರಡು ಸಭೆಗಳಲ್ಲಿ ಯಾರೂ ಬಾಯಿಬಿಡಲಿಲ್ಲ. ಮೂರನೆಯದರಲ್ಲಿ ಸ್ನಾನದ ಸರದಿಯ ಮಾತು ಬಂತು. ನಿಧಾನವಾಗಿ ಮೂರು ಸಂಗತಿ ಬದಲಾದವು. ಸರದಿಯನ್ನು ಹುಡುಗಿಯರೇ ಗೋಡೆಯ ಮೇಲೆ ಬರೆದರು. ನೋಡಲು ಬಂದವರ ಸುದ್ದಿಯನ್ನು ಅಂದೇ ಹೇಳುವುದೆಂದಾಯಿತು. ಒಬ್ಬಳ ತಪ್ಪಿಗೆ ಎಲ್ಲರಿಗೂ ಶಿಕ್ಷೆ ನಿಂತಿತು. ಜಗಳ ಪೂರ್ತಿ ನಿಲ್ಲಲಿಲ್ಲ. ಆದರೆ ಜಗಳವಾದಾಗ ಚಿಕ್ಕವರು ಸಿಬ್ಬಂದಿಯ ಹತ್ತಿರ ಓಡಿಬರತೊಡಗಿದರು. ಮೊದಲು ಮಂಚದ ಕೆಳಗೆ ಅಡಗುತ್ತಿದ್ದರು.

ಇದು ಯಾರೋ ತೋರುವ ಕರುಣೆಯಲ್ಲ. 2015ರ ಬಾಲನ್ಯಾಯ ಕಾಯ್ದೆಯ 53ನೇ ಕಲಮಿನ ಪ್ರಕಾರ ಆರು ವರ್ಷ ಮೀರಿದ ಮಕ್ಕಳಿರುವ ಪ್ರತಿ ಸಂಸ್ಥೆಯಲ್ಲೂ ಮಕ್ಕಳ ಸಮಿತಿ ಇರಬೇಕು. 82ನೇ ಕಲಮಿನ ಪ್ರಕಾರ ಸಿಬ್ಬಂದಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದು ಅಪರಾಧ. ಆದರೆ ಒಳಗಿರುವ ಹುಡುಗಿಗೆ ಕಾನೂನನ್ನು ತಿಳಿಸುವವರು ಯಾರು?

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಪ್ರತಿಯೊಂದು ಪ್ರಕರಣದ ಕಡತದಲ್ಲಿ ‘ಮಕ್ಕಳು ಎಲ್ಲಿದ್ದಾರೆ’ ಎಂಬ ಒಂದು ಸಾಲು ಸೇರಿಸೋಣ. ಅನುಮತಿ ಪಡೆದು ಅವರನ್ನು ನೋಡಲು ಹೋಗೋಣ. ಹೋದಾಗ ‘ಮಕ್ಕಳ ಸಮಿತಿ ಕಳೆದ ಸಲ ಯಾವಾಗ ಸೇರಿತ್ತು, ಏನು ತೀರ್ಮಾನವಾಯಿತು’ ಎಂದು ಕೇಳೋಣ. ಆ ಹದಿನೈದರ ಹುಡುಗಿಯ ವಿಷಯದಲ್ಲಿ ನಾನು ಈ ಪ್ರಶ್ನೆಯನ್ನು ತಡವಾಗಿ ಕೇಳಿದೆ. ನೀವು ಮೊದಲೇ ಕೇಳಿ.